ಮೇಲ್ಮನೆಯವನ ಹನ್ನೆರಡು ಫೋಟೋ, ನನ್ನ ಒಂದು ಬಾಯಿ

ಮೇಲಿನ ಮನೇಲಿ ಒಂದು ಕ್ಯಾಮೆರಾ, ಕೆಳಗಿನ ಮನೇಲಿ ನನ್ನಂಥ ಬಾಯಿ ಇದ್ರೆ ವಾರಕ್ಕೊಂದು ತಮಾಷೆ ಆಗದೆ ಇರುತ್ತಾ? ಎಪ್ಪತ್ಮೂರು ಎಪ್ಪತ್ನಾಲ್ಕರ ಮಾತು, ನಾವು ದೆಹಲಿ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಲ್ಲಿದ್ವಿ. ನಮ್ಮ ಮೆಟ್ಟಿಲಿಗೆ ಎಂಟು ಮನೆ. ನಮ್ಮ ಮೇಲಿನ ಮನೆಯವ್ನು ತುಮಕೂರು ಕಡೆಯವ್ನು, ವಯಸ್ಸಲ್ಲಿ ನನ್ನ ತಮ್ಮನ ಹಾಗೆ. ಅದಕ್ಕೇ ಅವ್ನು ಇವ್ನು ಅಂತಿದೀನಿ, ಗೌರವ ಇಲ್ಲ ಅಂತಲ್ಲ. ಯಾವುದೋ ಮಂತ್ರಾಲಯದಲ್ಲಿ ಗುಮಾಸ್ತ. ಬಂದ ಟಪಾಲಿಗೆ ನಂಬರ್ ಹಾಕಿ ರಿಜಿಸ್ಟರಿಗೆ ಹತ್ತಿಸೋದು, ಬೆಳಗ್ಗಿಂದ ಸಾಯಂಕಾಲದವರೆಗೆ ಅದೇ ಕೆಲ್ಸ.

ಅವ್ನ ಹತ್ರ ಮಾವ ಮದುವೇಲಿ ಕೊಟ್ಟ ಒಂದು ಡಬ್ಬಿ ಕ್ಯಾಮೆರಾ ಇತ್ತು. ಒಂದಿನ ಆಫೀಸಿಂದ ಓಡಿ ಬಂದ. ಅವರ ಫೋಟೋ ವಿಭಾಗದಲ್ಲಿ ಒಂದು ಜಾಗ ಖಾಲಿ ಆಗುತ್ತಂತೆ, ಒಳಗಿನವ್ರೇ ಅರ್ಜಿ ಹಾಕ್ಬಹುದಂತೆ, ತಾವೇ ತೆಗೆದ ಹನ್ನೆರಡು ಫೋಟೋ ಕೊಡ್ಬೇಕಂತೆ. "ಅಕ್ಕಾ, ಇದೊಂದು ಸಿಗದಿದ್ರೆ ಇನ್ನು ಮೂವತ್ತು ವರ್ಷ ಬೇರೆಯವ್ರ ಕಾಗದಕ್ಕೆ ನಂಬರ್ ಹಾಕ್ತಾ ಕೂತಿರ್ಬೇಕು" ಅಂದ. ಅದನ್ನ ಹೇಳುವಾಗ ಅವ್ನ ಮುಖ ನೋಡಿ ನಂಗೇ ಒಂಥರಾ ಆಯ್ತು. ಅವತ್ತಿಂದ ಅವ್ನು ತೆಗೆಯೋದು, ನಾನು ಬಯ್ಯೋದು.

ಫೈಲು ಬಂತು

ಬೇರೆ ಯಾರಾದ್ರೂ ಆಗಿದ್ರೆ ಫೋಟೋನ ನಾಲ್ಕು ಜನಕ್ಕೆ ತೋರಿಸಿ ಹೇಗಿದೆ ಅಂತ ಕೇಳ್ತಿದ್ರು. ಇವ್ನು ಗುಮಾಸ್ತ. ಒಂದು ಫೈಲು ಮಾಡ್ದ. ಒಳಗೆ ಫೋಟೋ ಅಂಟಿಸ್ದ, ಎದುರಿನ ಹಾಳೇಲಿ 'ಅಭಿಪ್ರಾಯಕ್ಕಾಗಿ' ಅಂತ ಇಂಗ್ಲಿಷಲ್ಲಿ ಬರ್ದ, ದಾರ ಕಟ್ಟಿ ಮೊದಲನೇ ಮನೆಗೆ ಕೊಟ್ಟ. ಅವ್ರು ನೋಡಿ ಎರಡನೇ ಮನೆಗೆ ಕಳಿಸ್ಬೇಕು, ಹಾಗೇ ಮುಂದಕ್ಕೆ. ಎಲ್ಲಾ ಸರ್ಕಾರಿ ನೌಕರರ ಮನೆಗಳೇ ನೋಡಿ, ಇದೇನು ಹುಚ್ಚು ಅಂತ ಒಬ್ರೂ ಕೇಳ್ಲಿಲ್ಲ.

ನಮ್ಮನೆ ಕೊನೇದು. ಫೈಲು ಬರೋ ಹೊತ್ತಿಗೆ ಒಂಬತ್ತು ದಿನ ಆಗಿತ್ತು. ನಡುವೆ ಒಬ್ರು ರಜಾದಲ್ಲಿದ್ರಂತೆ, ಅಲ್ಲೇ ಮೂರು ದಿನ ಬಿದ್ದಿತ್ತು. ನಮ್ಮೆಜಮಾನ್ರನ್ನ ಕರ್ದು ಓದಿಸ್ದೆ. ಎಲ್ರೂ ಬರೆದಿದ್ದು ಒಂದೇ ಮಾತು: 'ನೋಡಿದೆ'. ಕೆಳಗೆ ಸೈನು. ಒಬ್ರು ಮಾತ್ರ 'ಮೇಲಿನವರ ಅಭಿಪ್ರಾಯಕ್ಕೆ ನನ್ನ ಒಪ್ಪಿಗೆ ಇದೆ' ಅಂತ ಬರೆದಿದ್ರು. ಮೇಲಿನವ್ರು ಅಭಿಪ್ರಾಯ ಅಂತ ಏನಾದ್ರೂ ಬರೆದಿದ್ರೆ ತಾನೆ? ನಮ್ಮೆಜಮಾನ್ರೂ ಫೋಟೋ ಕಡೆ ತಿರುಗಿಯೂ ನೋಡ್ದೆ 'ನೋಡಿದೆ' ಅಂತ ಬರ್ದು ಸೈನ್ ಹಾಕಿ ಸ್ನಾನಕ್ಕೆ ಹೋದ್ರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದ್ರೆ ನೋಡೋದಕ್ಕೆ ಕಣ್ಣಿದ್ರೆ ಸಾಕಲ್ಲ. ಫೋಟೋದಲ್ಲಿ ಅವ್ನ ಹೆಂಡ್ತಿ ಕುತುಬ್ ಮಿನಾರಿನ ಮುಂದೆ ನಿಂತಿದ್ಲು. ಮಗಳ ಪೆನ್ಸಿಲ್ ತಗೊಂಡು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರ್ದೆ: 'ಮಿನಾರು ನಿನ್ನ ಹೆಂಡ್ತಿ ನೆತ್ತಿಯಿಂದ ಹುಟ್ಟಿದೆ. ಪಾದ ಎರಡೂ ಇಲ್ಲ. ಆಕಾಶ ಬೇಕಾದಷ್ಟಿದೆ.'

ಸಾಯಂಕಾಲ ಅವ್ನು ಫೈಲು ಹಿಡ್ಕೊಂಡು ಇಳಿದು ಬಂದ. ಜಗಳಕ್ಕೇ ಬಂದ ಅಂತ ನಾನು ಸೆರಗು ಸಿಕ್ಕಿಸ್ಕೊಂಡು ನಿಂತೆ. ಅವ್ನು ಜೇಬಿಂದ ಒಂದು ನೋಟ್‌ಬುಕ್ ತೆಗ್ದು, "ಅಕ್ಕಾ, ಇಷ್ಟು ಜನರಲ್ಲಿ ಫೋಟೋ ನೋಡಿದ್ದು ನೀವೊಬ್ರೇ. ಇನ್ನೇನೇನು ತಪ್ಪಿದೆ ಹೇಳಿ, ಬರ್ಕೋತೀನಿ" ಅಂದ. ನಾನು ಇಷ್ಟು ವರ್ಷದಲ್ಲಿ ಎಷ್ಟೋ ಜನಕ್ಕೆ ಎಷ್ಟೋ ಮಾತು ಅಂದಿದೀನಿ, ಬರ್ಕೊಂಡವ್ನು ಇವ್ನೊಬ್ನೇ.

ಸಿಟ್ಟು ಬಂದಿದ್ದು ನಮ್ಮೆಜಮಾನ್ರಿಗೆ. ಅವ್ನು ಹೋದ್ಮೇಲೆ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. ಪಾಪ, ಹುಡುಗನ ಮನಸ್ಸು ನೋಯ್ತು ಅಂತ ಬೇಜಾರೇನೋ ಅನ್ಕೊಂಡೆ. "ಫೈಲಲ್ಲಿ ಯಾರಾದ್ರೂ ಪೆನ್ಸಿಲಲ್ಲಿ ಬರೀತಾರೇನೇ?" ಅಂದ್ರು.

ತವರಿಂದ ತಂತಿ

ಮುಂದಿನ ಫೋಟೋಗಳಲ್ಲಿ ಮಿನಾರು ನೆತ್ತಿ ಬಿಟ್ಟು ಪಕ್ಕಕ್ಕೆ ಬಂತು, ಪಾದಾನೂ ಬಂತು. ಆದ್ರೆ ಅವ್ನ ಹೆಂಡ್ತಿ ಫೋಟೋ ಅಂದ್ರೆ ಸಾಕು, ಉಸಿರು ಬಿಗಿ ಹಿಡಿದು ನಿಲ್ಲೋಳು. ಮೊದಲೇ ಕಡ್ಡಿ ಥರ ಹುಡುಗಿ, ಇನ್ನೂ ಒಣಗಿದ ಹಾಗೆ ಕಾಣ್ತಿದ್ಲು. ಅದರಲ್ಲೊಂದನ್ನ ತವರಿಗೆ ಕಳಿಸಿದ್ಲು. ಅವಳ ತಾಯಿ ಕಾಗದ ಬರೆದ್ರು. ಫೋಟೋ ಚೆನ್ನಾಗಿದೆ ಅಂತ ಒಂದು ಮಾತಿಲ್ಲ. ದೆಹಲೀಲಿ ಅಕ್ಕಿ ಸಿಗಲ್ವಾ, ನನ್ನ ಮಗಳು ಯಾಕೆ ಹೀಗಾಗಿದಾಳೆ, ಅಳಿಯಂದ್ರು ಕ್ಯಾಮೆರಾ ಕೆಳಗಿಟ್ಟು ಅವಳಿಗೆ ಊಟ ಹಾಕ್ಲಿ ಅಂತ ಎರಡು ಪುಟ.

ಪಾಪ, ಇಬ್ರೂ ಬಂದು ನನ್ನ ಮುಂದೆ ಕೂತ್ರು. ಚಳಿಗಾಲ, ನಾವು ಹೆಂಗಸ್ರೆಲ್ಲ ಹುಲ್ಲಿನ ಮೇಲೆ ಬಿಸಿಲಲ್ಲಿ ಬಟಾಣಿ ಸುಲೀತಾ ಕೂತಿದ್ವಿ. ನಾನು ಹೇಳ್ದೆ, "ನೀನು ನಿಂತ್ಕೊಂಡು ಮೇಲಿಂದ ತೆಗೀತೀಯ, ಅದಕ್ಕೇ ಹಾಗೆ. ನೆಲದ ಮೇಲೆ ಕೂತ್ಕೊಂಡು ಕೆಳಗಿಂದ ತೆಗಿ, ಮೈ ತುಂಬಿದ ಹಾಗೆ ಕಾಣ್ತಾಳೆ." ನೀನೂ ಒಂದು ದಪ್ಪ ಸ್ವೆಟರ್ ಹಾಕ್ಕೊಳೆ ಅಂತ ಅವಳಿಗೂ ಹೇಳ್ದೆ. ಅವ್ನು ಅಲ್ಲೇ ಬಟಾಣಿ ಸಿಪ್ಪೆ ಮೇಲೆ ಕೂತು ತೆಗೆದೇಬಿಟ್ಟ. ಫೋಟೋ ತೊಳೆಸ್ಕೊಂಡು ಬಂದ. ನಿಜ ಹೇಳ್ತೀನಿ, ತುಂಬಾ ಚೆನ್ನಾಗಿ ಬಂದಿತ್ತು. ಹುಡುಗಿ ಉಸಿರು ಬಿಟ್ಟು ನಗ್ತಿದ್ಲು, ಮೈ ಕೈ ತುಂಬ್ಕೊಂಡು ಲಕ್ಷ್ಮಿ ಹಾಗಿದ್ಲು. ನೋಡು, ಹೀಗಿರ್ಬೇಕು ಅಂತ ನಾನೇ ಮುಂದೆ ನಿಂತು ಲಕೋಟೆ ಅಂಟಿಸಿ ತವರಿಗೆ ಕಳಿಸ್ದೆ.

ಈ ಸಲ ಕಾಗದ ಬರ್ಲಿಲ್ಲ, ತಂತಿ ಬಂತು. ತಂತಿ ಅಂದ್ರೆ ಆಗ ಕೆಟ್ಟ ಸುದ್ದೀನೇ. ಯಾರಿಗೇನಾಯ್ತೋ ಅಂತ ಮೆಟ್ಟಿಲಿನ ಜನವೆಲ್ಲ ಸೇರಿದ್ರು. ಅವ್ನು ಒಡೆದು ಓದ್ದ: 'ಫೋಟೋ ನೋಡಿ ಸಂತೋಷ. ಎಷ್ಟು ತಿಂಗಳು? ಹೊರಟಿದ್ದೇನೆ.'

ಐದನೇ ದಿನ ಅವ್ನ ಅತ್ತೆ ಬಾಣಂತಿ ಲೇಹ್ಯದ ಡಬ್ಬಿ ಸಮೇತ ಬಂದಿಳಿದ್ರು. ಎಲ್ಲಾ ಸ್ವೆಟರಿನ ಮಹಿಮೆ ಅಂತ ಬಂದ ದಿನವೇ ಗೊತ್ತಾಯ್ತು. ಆಮೇಲೆ ತಂದದ್ದು ವಾಪಸ್ ಯಾಕೆ ಹೊರೋದು ಅಂತ ಆ ಲೇಹ್ಯ ಪೂರ್ತಿ ಅಳಿಯನಿಗೇ ತಿನ್ನಿಸಿ ಹೋದ್ರು. ಆ ಚಳಿಗಾಲದಲ್ಲಿ ನಮ್ಮ ಮೆಟ್ಟಿಲಲ್ಲಿ ದಪ್ಪ ಆದವ್ನು ಅವ್ನೊಬ್ನೇ.

ಹಾಲಿನ ಸಾಲು

ಇದರಲ್ಲಿ ತಪ್ಪಿದವಳು ನಾನು, ಹೇಳೇಬಿಡ್ತೀನಿ.

ಹಾಲಿನ ಬೂತ್ ತೆಗೀತಿದ್ದದ್ದು ಬೆಳಗಾದ್ಮೇಲೆ, ಸಾಲು ಮಾತ್ರ ಕತ್ತಲಲ್ಲೇ ಶುರು. ಅಷ್ಟು ಹೊತ್ತು ಮಂಜಲ್ಲಿ ಯಾರು ನಿಂತಾರು? ಎಲ್ರೂ ತಮ್ಮ ತಮ್ಮ ಕ್ಯಾನು, ಚೀಲ, ಇಟ್ಟಿಗೆ ಸಾಲಲ್ಲಿಟ್ಟು ಮನೆಗೆ ಬಂದು ಚಹಾ ಕುಡೀತಿದ್ರು. ಬೂತ್ ತೆಗೆದಾಗ ಹೋಗಿ ತಂತಮ್ಮ ಕ್ಯಾನಿನ ಪಕ್ಕ ನಿಲ್ಲೋದು. ಇವ್ನು ಒಂದಿನ ಬೆಳಗ್ಗೆ ಹೋಗಿ ಆ ಸಾಲಿನ ಫೋಟೋ ತೆಗೆದ. ಮಂಜು, ಮಬ್ಬು ಬೆಳಕು, ಹಾವಿನ ಹಾಗೆ ಕ್ಯಾನುಗಳ ಸಾಲು. ಒಬ್ಬ ಮನುಷ್ಯ ಇಲ್ಲ.

ಮಾರ್ಕೆಟ್ಟಲ್ಲಿ ಫೋಟೋ ತೊಳೆಯೋ ಸ್ಟುಡಿಯೋದವ್ನು "ಇಸ್ ಮೇ ಆದ್ಮಿ ಕಹಾಂ ಹೈ?" ಅಂತ ಕೇಳಿದ್ನಂತೆ. ಇದ್ರಲ್ಲಿ ಮನುಷ್ಯ ಎಲ್ಲಿದಾನೆ ಅಂತ ನಾನೂ ಅದನ್ನೇ ಕೇಳ್ದೆ. "ಪಾತ್ರೆ ಅಂಗಡಿ ಫೋಟೋ ತೆಗೆದ್ರೆ ಕೆಲ್ಸ ಕೊಡ್ತಾರೇನೋ? ರೀಲು ದಂಡ" ಅಂದೆ. ಅವ್ನು ಅದನ್ನೂ ನೋಟ್‌ಬುಕ್ಕಲ್ಲಿ ಬರ್ಕೊಂಡು ಫೋಟೋ ನಮ್ಮನೇಲೇ ಬಿಟ್ಟು ಹೋದ.

ಮಧ್ಯಾಹ್ನ ಸುಮ್ನೆ ಕೂತಿದ್ದಾಗ ಕೈಗೆ ತಗೊಂಡೆ. ಆ ಹಿಡಿ ಮುರಿದ ಕ್ಯಾನು ನಮ್ದೇ. ದಾರ ಕಟ್ಟಿದ್ದು ಎರಡನೇ ಮನೆ ಮುದುಕರದು. ನೆಗ್ಗಿದ್ದು, ಗಂಡ ಹೆಂಡ್ತಿ ಜಗಳದಲ್ಲಿ ಹಾರಿ ಬಿದ್ದಿದ್ದು, ಯಾರ ಮನೇದು ಅಂತ ಹೇಳಲ್ಲ. ಒಂದೊಂದು ಕ್ಯಾನಿಗೂ ಒಂದೊಂದು ಮುಖ. ನಾವೇ ಎಲ್ಲಾ ಚಳೀಲಿ ಸಾಲಾಗಿ ಕೂತಿದೀವಿ ಅನ್ನಿಸ್ತು. ಇಂಥದ್ದು ದಿನಾ ನೋಡಿಯೂ ನಂಗೆ ಕಂಡಿರ್ಲಿಲ್ಲ, ಆ ಡಬ್ಬಿ ಕ್ಯಾಮೆರಾದವ್ನಿಗೆ ಕಂಡಿತ್ತು. ತಕ್ಷಣ ಮೆಟ್ಟಿಲು ಹತ್ತಿ ಹೋಗಿ ನಾನು ಹೇಳಿದ್ದು ಹೊಡ್ದುಹಾಕು, ಇದು ನಿನ್ನ ಎಲ್ಲಾ ಫೋಟೋಗಿಂತ ಮೇಲು ಅಂತ ಹೇಳಿ ಬಂದೆ. ನಾನು ಹೀಗೆ ಹೇಳಿದ್ದು ಕೇಳಿ ಅವ್ನ ಹೆಂಡ್ತಿಗೆ ನಂಗೆ ಜ್ವರ ಬಂದಿದ್ಯೇನೋ ಅಂತ ಭಯ ಆಯ್ತಂತೆ.

ಆಮೇಲೆ ಮೆಟ್ಟಿಲಿನವ್ರೆಲ್ಲ ಆ ಫೋಟೋ ನೋಡೋಕೆ ಬಂದ್ರು. ಮಂಜು, ಬೆಳಕು ಯಾರಿಗೂ ಬೇಕಾಗಿರ್ಲಿಲ್ಲ. ಬೆರಳಿಟ್ಟು ಎಣಿಸಿದ್ದೇ ಎಣಿಸಿದ್ದು. ದಿನಾ ಎಲ್ರಿಗಿಂತ ಕೊನೆಗೆ ಬರೋ ನಾಲ್ಕನೇ ಮನೆ ಬೆಹನ್‌ಜಿ ಕ್ಯಾನು ಹೇಗೋ ಮೂರನೇ ಜಾಗಕ್ಕೆ ಬಂದು ಕೂತಿತ್ತು. ಎಲ್ರೂ ಸೇರಿ ಅವ್ನ ಬೆನ್ನು ತಟ್ಟಿ, ಇಂಥ ಕಲೆ ಬಿಡ್ಬೇಡ, ದಿನಾ ಬೆಳಗ್ಗೆ ಒಂದು ತೆಗಿ ಅಂದ್ರು.

ಸೋರೆಕಾಯಿ

ಹನ್ನೊಂದು ಫೋಟೋ ಆಯ್ತು, ಹನ್ನೆರಡನೇದು ಆಗ್ತಾನೇ ಇಲ್ಲ. ಅರ್ಜಿ ಕೊಡೋಕೆ ಎರಡೇ ದಿನ ಇದೆ. ರೀಲಲ್ಲಿ ಒಂದೇ ಒಂದು ಫೋಟೋ ಉಳಿದಿದೆ. ಅವ್ನು ಬಾಲ್ಕನೀಲಿ ಕ್ಯಾಮೆರಾ ಹಿಡ್ಕೊಂಡು ಪೆಚ್ಚಾಗಿ ನಿಂತಿದ್ನಂತೆ. ಕೆಳಗೆ ನಾನು ತರಕಾರಿ ಭಯ್ಯಾನ ಗಾಡಿ ಹತ್ರ ಇದ್ದೆ. ಆ ಭಯ್ಯಾ ಹಿಂದಿನ ದಿನ ಒಳಗೆಲ್ಲ ಹುಳುಕಾದ ಸೋರೆಕಾಯಿ ಕೊಟ್ಟಿದ್ದ. ಮಾರನೇ ಸಾಯಂಕಾಲ ಮೇಲ್ಮನೆಯವ್ನು ಏನೋ ನಗ್ತಾ ಇಳಿದು ಬಂದು ಒಂದು ಫೋಟೋ ನನ್ನ ಮುಂದೆ ಇಟ್ಟ.

ನೋಡ್ದೆ. ಸೋರೆಕಾಯಿ ಗದೆ ಹಾಗೆ ಎತ್ತಿ ಹಿಡಿದಿದೀನಿ. ಬಾಯಿ ಗವಿ ಹಾಗೆ ತೆರೆದಿದೆ. ಕೂದಲು ಕೆದರಿದೆ, ಸೆರಗು ಎಲ್ಲೋ ಇದೆ. ಭಯ್ಯಾ ಎರಡೂ ಕೈ ಜೋಡಿಸಿ ನಿಂತು, ಕಳ್ಳ, ತಲೆ ಬಗ್ಗಿಸಿ ನಗ್ತಿದಾನೆ. ಅದು ನಂಗೆ ಅವತ್ತು ಕಂಡೇ ಇರ್ಲಿಲ್ಲ.

ನನ್ನ ಬಾಯಿ ಬಿಚ್ಕೊಂತು. ಬಾಯಿ ನೋಡು, ಕೂದಲು ನೋಡು, ಕೈ ಅಲ್ಲಾಡಿದೆ, ಹೆಂಗಸಿನ ಮುಖ ಹೀಗಾ ತೆಗೆಯೋದು, ಇದನ್ನ ಆಫೀಸರುಗಳ ಮುಂದೆ ಇಟ್ರೆ ನಿಂಗೆ ಕೆಲ್ಸ ಅಲ್ಲ, ಇರೋ ಕೆಲ್ಸಾನೂ ಹೋಗುತ್ತೆ, ಹರಿದು ಹಾಕು ಅಂದೆ. ಅವ್ನು ಎಂದಿನ ಹಾಗೆ ನೋಟ್‌ಬುಕ್ ತೆಗೆದ. ಬರೀಲಿಲ್ಲ. ಅಷ್ಟು ತಿಂಗಳಲ್ಲಿ ಮೊದಲ್ನೇ ಸಲ ತಲೆ ಎತ್ತಿ ಕೇಳ್ದ:

"ಅಕ್ಕಾ, ಇದ್ರಲ್ಲಿ ಫೋಟೋದ ತಪ್ಪು ಯಾವ್ದು, ನಿಮ್ಮ ತಪ್ಪು ಯಾವ್ದು?"

ಒಳಗಿನ ರೂಮಲ್ಲಿ ನಮ್ಮೆಜಮಾನ್ರಿಗೆ ಜೋರಾಗಿ ಕೆಮ್ಮು ಬಂತು. ಅದು ಕೆಮ್ಮಲ್ಲ ಅಂತ ನಂಗೆ ಗೊತ್ತಿಲ್ವಾ? ತಪ್ಪು ಹೇಳಿಸ್ಕೊಳ್ಳೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯ್ತು. ಇಷ್ಟು ದಿನ ನನ್ನ ಮಾತನ್ನ ಹಲ್ಲು ಕಚ್ಚದೆ, ಮುಖ ತಿರುಗಿಸದೆ ಕೇಳಿದ್ನಲ್ಲ, ಆ ಹುಡುಗನ ತಾಳ್ಮೆ ಎಂಥದ್ದು ಅಂತಾನೂ. "ಹೋಗು, ಕೊಡು" ಅಂದೆ.

ಇಂಟರ್ವ್ಯೂ ಆಗಿ ವಾರಕ್ಕೆ ಅವ್ನು ಪೇಡೆ ಡಬ್ಬಿ ಹಿಡ್ಕೊಂಡು ಬಂದ. ಕೆಲ್ಸ ಸಿಕ್ಕಿತ್ತು. ನಂಗೆ ಕಣ್ಣಲ್ಲಿ ನೀರೇ ಬಂತು. ಒಳಗೆ ಏನೇನಾಯ್ತು ಪೂರ್ತಿ ಹೇಳು ಅಂತ ಕೂರಿಸ್ಕೊಂಡೆ.

ಮೂರು ಜನ ಆಫೀಸರು. ಒಬ್ರು ಹನ್ನೆರಡೂ ಫೋಟೋ ಮೇಜಿನ ಮೇಲೆ ಹರಡಿ, ನಿನ್ನ ಫೋಟೋಗಳಲ್ಲಿ ಏನು ತಪ್ಪಿದೆ ನೀನೇ ಹೇಳು ಅಂದ್ರಂತೆ. ಇವ್ನಿಗಿಂತ ಮೊದ್ಲು ಹೋದ ಇಬ್ರು ಏನೂ ತಪ್ಪಿಲ್ಲ ಸರ್ ಅಂತ ಹೇಳಿ ಬಂದಿದ್ರಂತೆ. ಇವ್ನು ಶುರು ಮಾಡ್ದ. ಇದ್ರಲ್ಲಿ ನೆರಳು ಮುಖ ತಿಂದಿದೆ, ಇದ್ರಲ್ಲಿ ಬೇಡದ ಆಕಾಶ ಜಾಸ್ತಿ ಇದೆ, ಇದ್ರಲ್ಲಿ ಕಣ್ಣು ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗಲ್ಲ. ಒಂದೊಂದೇ ಹನ್ನೊಂದಕ್ಕೂ ಹೇಳ್ದ. ಆಫೀಸರುಗಳು ಒಬ್ರ ಮುಖ ಒಬ್ರು ನೋಡ್ಕೊಂಡು ತಲೆ ಆಡಿಸ್ತಾ ಇದ್ರಂತೆ. ನನ್ನ ಫೋಟೋ ಬಂದಾಗ ಮಾತ್ರ ಇದ್ರಲ್ಲಿ ತಪ್ಪೇನೂ ಇಲ್ಲ ಸರ್ ಅಂದ್ಬಿಟ್ಟ.

ದೊಡ್ಡ ಆಫೀಸರು ಕನ್ನಡಕ ಏರಿಸಿ, ಈ ಹೆಂಗಸಿನ ಕೈ ಅಲ್ಲಾಡಿದೆ, ಕೂದಲು ಮುಖಕ್ಕೆ ಬಿದ್ದಿದೆ, ಬಾಯಿ ಒಂದೇ ಅರ್ಧ ಫೋಟೋ ಇದೆ, ನಿಂಗೆ ಕಾಣ್ತಿಲ್ವಾ ಅಂತ ಕೇಳಿದ್ರಂತೆ.

"ಕಾಣ್ತಿದೆ ಸರ್" ಅಂದ್ನಂತೆ ನಮ್ಮ ಹುಡುಗ. "ಆದ್ರೆ ಸಾಯಂಕಾಲ ನಾನು ಅವ್ರ ಬಾಗಿಲ ಮುಂದೇನೇ ಮೆಟ್ಟಿಲು ಹತ್ತಿ ಮನೆಗೆ ಹೋಗ್ಬೇಕು."