ಖೈತಾನಿಗೆ ಬಂದ ನನ್ನ ಬೂಷ್ಟಿನ ಕಡ್ಡಿಗಳು

ಮಾರಾಯ್ರೆ, ಇವತ್ತು ಬೆಳಿಗ್ಗೆ ಆದದ್ದನ್ನು ಹೇಳಿದ್ರೆ ನೀವು ನಂಬುದಿಲ್ಲ. ನೀರಿನ ಫಂಗಸ್, ಅಂದ್ರೆ ಬೂಷ್ಟು, ಓದಿದವನಿಗೆ ಇಂಥದ್ದು ಆಗ್ತಾನೇ ಇರ್ತದೆ, ಹಾಗಾಗಿ ಮೊದಲಿಂದ ಹೇಳ್ತೇನೆ. ನಮ್ಮೂರ ತೋಡಿನಲ್ಲಿ ಮುಳುಗಿ ಕೊಳೆತ ಕಡ್ಡಿಯಲ್ಲಿ ನನಗೊಂದು ಫಂಗಸ್ ಸಿಕ್ಕಿತ್ತು. ಅದರ ಬೀಜಕಣಕ್ಕೆ ನಾಲ್ಕು ಕೈ, ಒಂದು ಕೈ ಮಾತ್ರ ಸೊಟ್ಟ. ಯಾವ ಪುಸ್ತಕದಲ್ಲೂ ಇಲ್ಲ. "ಕಡ್ಡಿ ಒದ್ದೆಯಾಗಿಡು, ಅದೇ ಬೀಜಕಣ ಇನ್ನೊಮ್ಮೆ ಬಂದ್ರೆ ಹೆಸರು ನೀನೇ ಇಡು" ಅಂದಿದ್ರು ನಮ್ಮ ಕಾಲೇಜಿನ ಮೇಡಂ. ಅಷ್ಟರಲ್ಲಿ ಕುವೈತಿನ ನೀರು ಪರೀಕ್ಷೆಯ ಲ್ಯಾಬಲ್ಲಿ ಕೆಲಸ ಸಿಕ್ತು. ಕಡ್ಡಿ ತುಂಡುಗಳನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಕಟ್ಕೊಂಡೇ ಬಂದೆ.

೧. ಏರ್‌ಪೋರ್ಟಲ್ಲಿ

ಕಸ್ಟಮ್ಸಿನವ ಡಬ್ಬಿ ತೆರೆದ, ಮುಖ ಅರಳಿತು. "ಊದ್?" ಇಲ್ಲಿ ಮನೆಮನೆಯಲ್ಲಿ ಕೆಂಡಕ್ಕೆ ಹಾಕ್ತಾರಲ್ಲ, ಆ ಪರಿಮಳದ ಮರ ಅಂದ್ಕೊಂಡ. ಬೇಡ ಬೇಡ ಅನ್ನುವಷ್ಟರಲ್ಲಿ ಮೂಗಿಗೆ ಹಿಡಿದು ಉದ್ದಕ್ಕೆ ಎಳೆದ. ಕಣ್ಣಲ್ಲಿ ನೀರು.

"ವಾಟ್ ಈಸ್ ದಿಸ್?"

"ಸರ್, ಫಂಗಸ್."

"ಯಲ್ಲಾ, ಯಲ್ಲಾ", ನಡಿ ನಡಿ ಅಂತ ದಬ್ಬಿಯೇ ಬಿಟ್ಟ. ಅಲ್ಲ, ಅವನ ಊದಿಗೆ ಪರಿಮಳ ಬರುದೂ ಮರಕ್ಕೆ ಫಂಗಸ್ ಹಿಡಿದ ಮೇಲೆಯೇ. ಹೇಳ್ಲಿಕ್ಕೆ ಬಿಡ್ಬೇಕಲ್ಲ ಪುಣ್ಯಾತ್ಮ.

೨. ಶುಕ್ರವಾರದ ಡಾಕ್ಟ್ರು

ಕುವೈತಿನ ಖೈತಾನ್ ಅನ್ನುವ ಕಡೆ ಸೋದರಮಾವನ ಮನೆಯಲ್ಲಿ ಉಳ್ಕೊಂಡೆ. ಶುಕ್ರವಾರ ಊಟಕ್ಕೆ ಬಂದವರ ಹತ್ರ ಮಾವ ಹೆಮ್ಮೆಯಲ್ಲಿ, "ನಮ್ಮ ಹುಡುಗ ಫಂಗಸಲ್ಲಿ ಎಂಎಸ್ಸಿ" ಅಂದ್ರು. ಅಷ್ಟೇ. ಸಾರು ಬಡಿಸುವ ಮೊದಲೇ ಮೂರು ಜನ ಸಾಕ್ಸ್ ಬಿಚ್ಚಿದ್ರು. "ಈ ಉಗುರು ನೋಡು ಮಾರಾಯ, ಎಂತ ಹಚ್ಬೇಕು?"

ನಾನು ಫಂಗಸ್ ಓಡಿಸುವವ ಅಲ್ಲ, ನೀರಿನೊಳಗಿನದ್ದನ್ನು ಹುಡುಕಿ ಹೆಸರಿಡುವವ ಅಂತ ಗಂಟಲು ಹರ್ಕೊಂಡೆ. ಒಬ್ರು ಕಾಲು ತೆಗೀಲೇ ಇಲ್ಲ. "ಆಯ್ತು, ಇದಕ್ಕೂ ಒಂದು ಹೆಸರಿಡು."

೩. ಇವತ್ತು ಬೆಳಿಗ್ಗೆ

ಇವತ್ತು ಆಟಿ ಅಮಾವಾಸ್ಯೆ. ನಾವು ತುಳುವರು ಬರೀ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ದಿನ. ಕುವೈತಲ್ಲಿ ಪಾಲೆ ಮರ ಎಲ್ಲಿಂದ? ಆದ್ರೂ ಎದ್ದ ಕೂಡ್ಲೇ ಅತ್ತೆ ಲೋಟ ಕೈಗಿಟ್ರು. ಬೆಳ್ಳುಳ್ಳಿ, ಓಮ, ಕರಿಮೆಣಸು, ಅದರಡಿಯಲ್ಲಿ ಎಂತದೋ ಪರಿಚಯದ ವಾಸನೆ. ಗಟಗಟ ಕುಡಿದೆ.

"ಎಷ್ಟು ಒಳ್ಳೆಯವ ನೀನು" ಅಂದ್ರು ಅತ್ತೆ. "ಊರಿಂದ ಪಾಲೆ ತೊಗಟೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಮಂಚದಡಿ ಇಟ್ಟಿದ್ದಿ, ಒಂದು ಮಾತು ಹೇಳ್ಲಿಲ್ಲ. ಹನ್ನೊಂದು ವರ್ಷದ ಮೇಲೆ ನಂಗೆ ಆಟಿ ಆಯ್ತು ನೋಡು." ಕಣ್ಣೊರೆಸ್ಕೊಂಡ್ರು.

ಓಡಿ ಹೋಗಿ ನೋಡಿದ್ರೆ ಡಬ್ಬಿ ಖಾಲಿ. "ಅತ್ತೆ, ಮುಟ್ಟಬೇಡಿ ಅಂತ ಅಷ್ಟು ದೊಡ್ಡದಾಗಿ ಬರೆದಿದ್ನಲ್ಲ?"

"ಅದು ಮಾವನಿಗೆ ಬರೆದದ್ದು ಅಂದ್ಕೊಂಡೆ."

ಆಗಲೇ ಮೇಡಂ ಮೆಸೇಜು: "ನಿನ್ನೆ ನೀನು ಕಳಿಸಿದ ಬೀಜಕಣದ ಫೋಟೋ ನೋಡಿದೆ. ಹೊಸದೇ. ಕಡ್ಡಿ ಜೋಪಾನ, ಮಾದರಿ ಇಲ್ಲದ ಹೆಸರನ್ನು ಯಾರೂ ಒಪ್ಪುದಿಲ್ಲ."

"ಒಂದು ತುಂಡಾದ್ರೂ ಉಂಟಾ ಅತ್ತೆ?"

"ಒಂದುಂಟು. ಮೇಲಿನ ಮನೆ ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ಪಾಪ, ಅವರೂ ಊರಿಗೆ ಹೋಗದೆ ವರ್ಷಗಟ್ಟಲೆ ಆಯ್ತು."

ಬೆಲ್ ಆಯ್ತು. ಅಕ್ಕ ಬಾಗಿಲಲ್ಲಿ. ತುಂಡು ಬೇಕಿದ್ರೆ ಅದು ಎಂತದ್ದು ಅಂತ ಹೇಳ್ಬೇಕು. ಹೇಳಿದ್ರೆ, ನಾವೆಲ್ಲ ಕುಡಿದದ್ದು ಎಂತದ್ದು ಅಂತಾನೂ ಹೇಳ್ಬೇಕು. ಆ ಕಡೆ ಮಾವ ಎರಡನೇ ಲೋಟ ಮುಗಿಸಿ, "ಥೇಟ್ ಊರಿನ ರುಚಿ" ಅಂತಿದ್ದಾರೆ. ಹೇಳಿ, ನೀವಾಗಿದ್ರೆ ಎಂತ ಮಾಡ್ತಿದ್ರಿ?