ಭಾವನ ಅಳತೆ

ಒಂದೇ ಉಕ್ಕಿನ ಕೊಳವೆಯನ್ನು ಬೆಳಿಗ್ಗೆಯಿಂದ ಎಷ್ಟು ಸಲ ಅಳೆದರೂ ಯಂತ್ರ ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳಲಿಲ್ಲ. ಕೇಳಿದಾಗಲೆಲ್ಲ ಬೇರೆ ವಯಸ್ಸು ಹೇಳುವ ಚಿಕ್ಕಮ್ಮನ ಹಾಗೆ! ಕಾರ್ಖಾನೆಯವರೆಲ್ಲ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಹೆಸರಿಟ್ಟು 'ಮೈಕ್ರಾನ್' ಎಂದು ಕರೆಯುವ ಇನ್‌ಸ್ಪೆಕ್ಟರ್ ಅಳತೆ ಕೋಣೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ.

ಕೊಳವೆಯ ಎರಡು ತುದಿಗೆ ಎರಡು ತೂತು. ಎರಡರ ಕೇಂದ್ರವೂ ಒಂದೇ ಗೆರೆಯಲ್ಲಿದ್ದರೆ ಪಾಸ್, ಕೂದಲೆಳೆಯಷ್ಟು ಸರಿದರೂ ಫೇಲ್. ಯಂತ್ರ ತುದಿಗೆ ಮಣಿಯಿರುವ ಕಡ್ಡಿಯಿಂದ ಮುಟ್ಟಿ ಮುಟ್ಟಿ ನೋಡಿ ಪಾಸ್ ಅನ್ನುತ್ತಿತ್ತು. ಅದೇ ಕೊಳವೆಯನ್ನು ತೆಗೆದು ಮತ್ತೆ ಇಟ್ಟರೆ ಫೇಲ್. ಸಾಲದ್ದಕ್ಕೆ, ಅದನ್ನು ಕೊರೆದವನು ಲೇತ್ ಮೇಲೆ ದುಡಿಯುವ ಅವನ ಸ್ವಂತ ಭಾವಮೈದ. ಫೇಲ್ ಬರೆದರೆ ಹೆಂಡತಿ ಮಾತು ಬಿಡುತ್ತಾಳೆ. ಪಾಸ್ ಬರೆದು ಮಾಲು ತಿರುಗಿ ಬಂದರೆ ಕೆಲಸ ಬಿಡಬೇಕಾಗುತ್ತದೆ.

"ಭಾವ, ಈ ಸಲ ಒಳ್ಳೇ ನಂಬರ್ ಬಂತಲ್ಲ, ಅದನ್ನೇ ಬರ್ಕೊಳ್ಳಿ," ಎಂದ ಭಾವಮೈದ, ಬಾಗಿಲಲ್ಲಿ ತಲೆ ತೂರಿಸಿ.

"ಇದೇನು ಹೋಟೆಲ್ ಮೆನುವಾ, ಬೇಕಾದ್ದು ಆರಿಸ್ಕೊಳ್ಳೋಕೆ?"

ಸ್ಟೋರ್‌ಕೀಪರ್ ಬಂದ. "ಸೆಕೆಗೆ ಉಕ್ಕು ಹಿಗ್ಗಿದೆ. ಏಸಿ ಜೋರು ಮಾಡಿ."

ಮಾಡಿದ್ದಾಯಿತು. ಮೈಕ್ರಾನ್‌ನ ಹಲ್ಲು ಕಟಕಟ ಅಂದವು. ನಂಬರಿನ ಕುಣಿತ ನಿಲ್ಲಲಿಲ್ಲ.

ಮೆಕ್ಯಾನಿಕ್ ಬಂದ. "ಪಕ್ಕದ ಪ್ರೆಸ್ ಮೆಷಿನ್ ತಗಡು ಗುದ್ದೋದಕ್ಕೆ ನೆಲ ಅದುರ್ತಿದೆ. ನಿಲ್ಲಿಸಿಬಿಡೋಣ."

ನಿಲ್ಲಿಸಿದ. ಕೆಲಸವಿಲ್ಲದ ಪ್ರೆಸ್‌ನವರೆಲ್ಲ ಟೀ ಲೋಟ ಹಿಡಿದು ಅಳತೆ ಕೋಣೆಗೇ ನುಗ್ಗಿದರು. ಒಬ್ಬ ಯಂತ್ರದ ಕಲ್ಲಿನ ಮೇಜಿಗೆ ಆರಾಮಾಗಿ ಮೊಣಕೈ ಊರಿದ. "ಮುಟ್ಟಬೇಡ್ರೀ!" ಎಂದು ಮೈಕ್ರಾನ್ ಕಿರುಚಿದ್ದಕ್ಕೆ ಅವನು ಬೆಚ್ಚಿ, ಟೀಯೆಲ್ಲ ಮೇಜಿನ ಪಾಲಾಯಿತು. ಆಗಲೇ ಮ್ಯಾನೇಜರ್ ಒಳಗೆ ಬಂದರು.

"ಪ್ರೆಸ್ ನಿಲ್ಲಿಸಿದ್ದು ಯಾರು?"

ಎಲ್ಲರ ಬೆರಳೂ ಮೈಕ್ರಾನ್ ಕಡೆ ತಿರುಗಿದವು. ಅವತ್ತು ಅದೊಂದೇ ಅಳತೆ ಎಲ್ಲರಿಗೂ ಒಂದೇ ಬಂದದ್ದು.

"ಸಂಜೆಯೊಳಗೆ ಪಾಸೋ ಫೇಲೋ ಹೇಳಿ. ಲಾರಿ ಕಾಯ್ತಿದೆ," ಎಂದು ಅವರು ಹೋದರು.

ಮೈಕ್ರಾನ್ ಎಲ್ಲರನ್ನೂ ಆಚೆಗಟ್ಟಿ, ಟೀ ಒರೆಸಿ, ಕಡ್ಡಿ ಎಲ್ಲೆಲ್ಲಿ ಮುಟ್ಟುತ್ತದೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ನೋಡಿದರೆ, ಅದು ಮೊದಲ ತೂತಿನ ಬಾಯಿಯಂಚನ್ನಷ್ಟೇ ಮುಟ್ಟಿ, ಅಷ್ಟರಿಂದಲೇ ಆಚೆ ತುದಿಯವರೆಗೆ ಗೆರೆ ಎಳೆಯುತ್ತಿದೆ! ಗೇಣುದ್ದದ ಕೋಲು ಹಿಡಿದು ಊರಾಚೆಯ ಮರಕ್ಕೆ ಗುರಿಯಿಟ್ಟ ಹಾಗೆ. ಇಲ್ಲಿ ಎಳ್ಳಷ್ಟು ತಪ್ಪಿದರೆ ಅಲ್ಲಿ ಮಾರು ತಪ್ಪುತ್ತದೆ. ಹಾಗೆ ಅಳೆಯೆಂದು ಅದಕ್ಕೆ ಕಲಿಸಿದವನು ತಾನೇ. ತೂತಿನ ಆಳದಲ್ಲೂ ಮುಟ್ಟುವಂತೆ ಬದಲಿಸಿ ಅಳೆದ. ತೆಗೆದಿಟ್ಟು ಮತ್ತೆ ಅಳೆದ. ಅದೇ ನಂಬರ್! ಲಾರಿಗೆ ಹೋಗಬೇಕಿದ್ದ ಎಲ್ಲ ಕೊಳವೆಗಳನ್ನೂ ಒಂದೊಂದಾಗಿ ಅಳೆದ.

"ಎಲ್ಲಾ ಪಾಸ್!"

ಭಾವಮೈದ ಓಡಿಬಂದು ಕುತ್ತಿಗೆ ತಬ್ಬಿಕೊಂಡ. ಮ್ಯಾನೇಜರ್ ಕೂಡ ನಕ್ಕರು. ನಗುತ್ತಿದ್ದವರು ಥಟ್ಟನೆ ನಗು ನಿಲ್ಲಿಸಿದರು.

"ಅಲ್ರೀ, ಹೋದ ತಿಂಗಳ ಮಾಲಲ್ಲಿ ಮುಕ್ಕಾಲು ಪಾಲು ಫೇಲ್ ಮಾಡಿದ್ರಲ್ಲ, ಅದನ್ನ ಹೇಗೆ ಅಳೆದಿದ್ರಿ?"

ಮೈಕ್ರಾನ್ ಒರೆಸಿದ ಮೇಜನ್ನೇ ಮತ್ತೆ ಒರೆಸಿದ. "ಹಳೇ ಥರಾನೇ ಸಾರ್. ಒಂದೊಂದನ್ನ ಒಂದೇ ಸಲ."

"ಆ ಮಾಲು?"

"ಗುಜರಿಗೆ ಹೋಯ್ತಲ್ಲ ಸಾರ್. ಇಷ್ಟೊತ್ತಿಗೆ ಕರಗಿಸಿಯೂ ಆಗಿರುತ್ತೆ."

ಕುತ್ತಿಗೆ ತಬ್ಬಿದ್ದ ಕೈಗಳು ಸಡಿಲವಾದವು. "ಅದನ್ನೂ ನಾನೇ ಕೊರೆದಿದ್ದೆ, ಭಾವ. ಕೈ ಸರಿಯಿಲ್ಲ ಅಂತ ನನ್ನ ಬಡ್ತಿ ತಪ್ಪಿದ್ದು ಅದರಿಂದಲೇ."

ಮ್ಯಾನೇಜರ್ ಕೋಣೆಯಲ್ಲಿ ಬೈಸಿಕೊಂಡು ಮೈಕ್ರಾನ್ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಮುಂಚೆಯೇ ತಲುಪಿತ್ತು. ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಿನ್ನ ತಮ್ಮನ ಮಾಲು ಪೂರ್ತಿ ಪಾಸ್ ಮಾಡಿದೀನಿ ಕಣೇ," ಎಂದ, ಮೆತ್ತಗೆ.

"ಅದಕ್ಕೇ ಸಿಟ್ಟು!" ಎಂದಳು ಅವಳು. "ಫೇಲ್ ಮಾಡಿದ್ರೆ ಅವನ ಕೈಯೇ ಅಷ್ಟು ಅಂತ ಹೊಟ್ಟೆಗೆ ಹಾಕ್ಕೊಳ್ತಿದ್ದೆ. ಪಾಸ್ ಮಾಡಿದ್ರಲ್ಲ, ಅಂದ್ರೆ ಹೋದ ತಿಂಗಳು ತಪ್ಪಿದ್ದು ನಿಮ್ಮ ಕೈ. ಇದನ್ನ ಹೇಗ್ರೀ ಸಹಿಸ್ಲಿ?"