ಸೊನ್ನೆ ಕಿಲೋಮೀಟರ್ ದೂರದ ಮನೆ

ಬಾಡಿಗೆ ಮನೆ ಹುಡುಕುವ ಆ್ಯಪ್‌ನಲ್ಲಿ ಪ್ರತಿಯೊಂದು ಮನೆಯ ಫೋಟೋದ ನೆತ್ತಿಯ ಮೇಲೂ ವಿರಾಜಮಾನರಾಗಿರುವ, ಮುಟ್ಟಿದೊಡನೆ ಕೆಂಪಾಗುವ, ಶ್ರೀಮಾನ್ ಹೃದಯದ ಗುಂಡಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕೆಂಪು ಎಂದೂ ಮಾಸದಿರಲಿ, ತಮ್ಮ ಸರ್ವರ್ ಸೋಮವಾರ ಬೆಳಿಗ್ಗೆಯೂ ಕುಸಿಯದಿರಲಿ ಎಂದು ಮನಸಾರೆ ಹಾರೈಸುತ್ತಾ, ನಾಲ್ಕು ತಿಂಗಳಲ್ಲಿ ತಮ್ಮನ್ನು ನೂರ ಮೂವತ್ತೇಳು ಬಾರಿ ಒತ್ತಿದ ಗೃಹಿಣಿಯೊಬ್ಬಳು ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವ ದೂರು ಏನೆಂದರೆ, ದೂರು ಎನ್ನಲು ನಾಲಗೆ ತಡವರಿಸುತ್ತಿದೆ, ಇರಲಿ, ಮೊದಲು ನಮ್ಮ ಮನೆಯ ಸಂಗತಿ ಹೇಳಿಬಿಡುತ್ತೇನೆ.

ನಾನು ಗ್ರಂಥಾಲಯವೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪುಸ್ತಕಗಳನ್ನು ವಿಂಗಡಿಸಿ ಪಟ್ಟಿ ಮಾಡುವ ಕೆಲಸದಲ್ಲಿರುವವಳು. ಮನೆಯಲ್ಲಿ ನಾನು, ಬಡಗಿ ಕೆಲಸದ ನನ್ನ ಯಜಮಾನರು, ಅವರ ತಾಯಿ, ಅಂದರೆ ನನ್ನ ಅತ್ತೆ, ಮತ್ತು ಈ ವರ್ಷ ದೊಡ್ಡ ಪರೀಕ್ಷೆಗೆ ಕೂರಲಿರುವ ಮಗಳು ಇದ್ದೇವೆ. ಹನ್ನೊಂದು ವರ್ಷದಿಂದ ಒಂದೇ ಬಾಡಿಗೆ ಮನೆಯ ಕೆಳಮಹಡಿಯಲ್ಲಿದ್ದೇವೆ. ಎರಡು ಮಲಗುವ ಕೋಣೆ, ಒಂದು ಹಾಲ್, ಒಂದು ಅಡುಗೆಮನೆ. ಅಡುಗೆಮನೆಯ ಪಕ್ಕ ಒಂದು ಉಗ್ರಾಣವೂ ಉಂಟು, ಆದರೆ ಅದರಲ್ಲಿ ಯಜಮಾನರು "ಮುಂದೆ ಬೇಕಾಗುತ್ತೆ, ಎಸೀಬೇಡ" ಎಂದು ಹನ್ನೊಂದು ವರ್ಷದಿಂದ ಸೂರು ಮುಟ್ಟುವಷ್ಟು ಕೂಡಿಟ್ಟ ಹಲಗೆಗಳೂ, ಕಾಲು ಮುರಿದ ಕುರ್ಚಿಗಳೂ, ಬಾಗಿಲಿಲ್ಲದ ಬೀರುವೂ ವಾಸವಾಗಿರುವುದರಿಂದ ಅದನ್ನು ನಾವು ಯಾರೂ ಕೋಣೆಯ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೀಗಾಗಿ ಮಗಳ ಓದು ಊಟದ ಮೇಜಿನ ಮೂಲೆಯಲ್ಲಿ, ಒಂದು ಪಕ್ಕ ಅಜ್ಜಿಯ ರೇಡಿಯೊ, ಇನ್ನೊಂದು ಪಕ್ಕ ನನ್ನ ಕುಕ್ಕರಿನ ಸೀಟಿ, ಬೆನ್ನ ಹಿಂದೆ ಗಿರಾಕಿಗಳ ಜೊತೆ ಅವರಪ್ಪನ ಫೋನು, ಇಷ್ಟರ ನಡುವೆ ಕಿವಿಗೆ ಹತ್ತಿ ತುರುಕಿಕೊಂಡು ನಡೆಯುತ್ತಿತ್ತು. ಶಾಲೆಯ ಪರೀಕ್ಷೆಯಲ್ಲಿ ಅಂಕ ಇಳಿದ ದಿನ ಅವಳು ಅಳಲಿಲ್ಲ, ಸಿಡುಕಲಿಲ್ಲ, "ಬಾಗಿಲು ಹಾಕ್ಕೊಳ್ಳೋಕೆ ನಂಗೂ ಒಂದು ರೂಮ್ ಇದ್ದಿದ್ರೆ ಅಮ್ಮ" ಎಂದಷ್ಟೇ ಹೇಳಿ ಪುಸ್ತಕ ಮಡಿಚಿಟ್ಟಳು. ಅವತ್ತೇ ತಮ್ಮ ಆ್ಯಪನ್ನು ಫೋನಿಗೆ ಇಳಿಸಿಕೊಂಡೆ.

ಮಾನ್ಯರೇ, ತಮ್ಮ ದರ್ಬಾರನ್ನು ಕಂಡು ನಾನು ಬೆರಗಾಗಿಹೋದೆ. ಮೆಚ್ಚಿದ ಮನೆಗೆ ತಮ್ಮನ್ನು ಒಂದು ಸಲ ಒತ್ತಿದರೆ ಸಾಕು, ಅದು ನಮ್ಮ ಪಟ್ಟಿಗೆ ಬಂದು ಕೈಕಟ್ಟಿ ನಿಲ್ಲುತ್ತದೆ. ಪಟ್ಟಿಯೊಳಗೆ ಕಡತಗಳು, ಕಡತಗಳೊಳಗೆ ಚೀಟಿಗಳು, ಪ್ರತಿ ಮನೆಯ ಕೆಳಗೂ ಅಭಿಪ್ರಾಯ ಬರೆಯಲು ಜಾಗ, ಮೂರು ಮನೆಗಳನ್ನು ಅಕ್ಕಪಕ್ಕ ನಿಲ್ಲಿಸಿ ಹೋಲಿಸುವ ಕೋಷ್ಟಕ, ಇದೆಲ್ಲವನ್ನೂ ಮನೆಮಂದಿಯ ಫೋನಿಗೆಲ್ಲ ಹಂಚುವ ಸೌಕರ್ಯ. ಇಪ್ಪತ್ತೆರಡು ವರ್ಷ ಕಾರ್ಡು ಜೋಡಿಸಿದ ಕೈ ಸುಮ್ಮನಿರುತ್ತದೆಯೇ? ಒಂದೇ ವಾರದಲ್ಲಿ 'ಖಂಡಿತ', 'ನೋಡೋಣ', 'ಅಡುಗೆಮನೆ ಮಾತ್ರ ಚೆನ್ನ', 'ಅತ್ತೆಗೆ ಮೆಟ್ಟಿಲು ಜಾಸ್ತಿ', 'ಯಜಮಾನರೊಬ್ಬರಿಗೇ ಇಷ್ಟ' ಎಂದು ಹದಿನಾಲ್ಕು ಕಡತಗಳು ಎದ್ದುನಿಂತವು. ಕಿಟಕಿಯ ದಿಕ್ಕಿಗೊಂದು ಬಣ್ಣ, ಶಾಲೆಯ ದೂರಕ್ಕೊಂದು ಅಂಕಿ. ನಮ್ಮ ಗ್ರಂಥಾಲಯದಲ್ಲೂ ಇಷ್ಟು ಅಚ್ಚುಕಟ್ಟು ಇಲ್ಲವೆಂದು ನನ್ನ ಮೇಲಧಿಕಾರಿಗಳಿಗೆ ತಿಳಿಯದಿರಲಿ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. ನಮ್ಮಲ್ಲಿ ಓದುಗರೊಬ್ಬರು ಪುಸ್ತಕದ ಮೇಲೆ ಹೆಸರಿನ ಚೀಟಿ ಇಟ್ಟರೆ, ಆ ಪುಸ್ತಕ ಕೌಂಟರಿನ ಹಿಂದೆ ಅವರಿಗಾಗಿಯೇ ಕಾಯುತ್ತದೆ. ಬೇರೆಯವರು ಎಷ್ಟು ಗೋಗರೆದರೂ ನಾನು ಕೊಟ್ಟವಳಲ್ಲ. ತಮ್ಮ ಕೆಂಪು ಹೃದಯವನ್ನು ನಾನು ಅಂಥ ಚೀಟಿಯೆಂದೇ ತಿಳಿದಿದ್ದೆ. ಕೈಯಲ್ಲಿ ನೂರಕ್ಕೂ ಮಿಕ್ಕಿ ಮನೆಗಳು ಕಾದು ಕುಳಿತಿವೆ ಎಂಬ ಧೈರ್ಯದಲ್ಲಿ ಮನೆಯೊಡೆಯರಿಗೆ ಫೋನು ಮಾಡಿ, ಈ ತಿಂಗಳ ಕೊನೆಗೆ ಮನೆ ಬಿಡುತ್ತೇವೆ, ಬೇರೆಯವರನ್ನು ನೋಡಿಕೊಳ್ಳಿ ಎಂದು ಠೀವಿಯಿಂದ ಹೇಳಿಬಿಟ್ಟೆ. ಯಜಮಾನರು "ಒಂದಾದ್ರೂ ಮನೆ ಹೋಗಿ ನೋಡಿದ್ದೀಯೇನೇ?" ಎಂದು ಕೇಳಿದ್ದಕ್ಕೆ, ವಿಂಗಡಣೆ ಮುಗಿಯದೆ ಹೋಗುವುದು ಹೇಗೆ ಎಂದು ಅವರನ್ನೇ ಗದರಿಸಿದೆ.

ವಿಂಗಡಣೆ ಮುಗಿಯುವಷ್ಟರಲ್ಲಿ ಮನೆಗಳೂ ಮುಗಿಯುತ್ತಾ ಬಂದವು. ನೀಲಿ ಗೇಟಿನ ಮನೆ 'ಖಂಡಿತ'ಕ್ಕೆ ಹೋಗಬೇಕೋ 'ನೋಡೋಣ'ಕ್ಕೋ ಎಂದು ನಾನೂ ಮಗಳೂ ಎರಡು ದಿನ ಜಗಳವಾಡಿ ಮೂರನೆಯ ದಿನ ರಾಜಿಯಾದೆವು. ಎರಡನೆಯ ದಿನವೇ ಅದಕ್ಕೆ ಬೇರೆಯವರು ಹಾಲು ತರಿಸಿಕೊಳ್ಳಲು ಶುರುಮಾಡಿದ್ದರಂತೆ. ಮೂಲೆಮನೆಯ ಹೋಲಿಕೆ ಕೋಷ್ಟಕ ತುಂಬುತ್ತಿರುವಾಗಲೇ ಕೋಷ್ಟಕದೊಳಗಿಂದ ಮೂಲೆಮನೆ ಮಾಯವಾಯಿತು. ಆದರೂ ತಮ್ಮ ಸೌಜನ್ಯವನ್ನು ಮೆಚ್ಚಲೇಬೇಕು. ಪ್ರತಿ ಮನೆ ಕೈತಪ್ಪಿದಾಗಲೂ ತಾವು ಬೂದುಬಣ್ಣಕ್ಕೆ ತಿರುಗಿ ಶೋಕ ಆಚರಿಸುತ್ತಿದ್ದಿರಿ. ನಮ್ಮ ಬಂಧುಗಳಲ್ಲೂ ಇಷ್ಟು ಮರುಕವಿಲ್ಲ.

ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಆಗ ತಾವೇ ಒಂದು ಮನೆಯನ್ನು ತಂದು ಮುಂದಿಟ್ಟಿರಿ: 'ನಿಮ್ಮ ಅಭಿರುಚಿಗೆ ನೂರಕ್ಕೆ ತೊಂಬತ್ತೆಂಟು ಹೊಂದಿಕೆ'. ಖಾಲಿ ಮನೆ, ಬೆಳ್ಳಗಿನ ಗೋಡೆ, ವಿಶಾಲವಾದ ಹಾಲ್, ಅಡುಗೆಮನೆಯ ಪಕ್ಕದಲ್ಲೇ ಪೂರ್ವದ ಕಿಟಕಿಯ ಪುಟ್ಟ ಓದುವ ಕೋಣೆ, ನೆಲದ ಮೇಲೆ ಚೌಕಟ್ಟು ಹಾಕಿದಂತೆ ಬಿದ್ದ ಬಿಸಿಲು. ವಿಳಾಸ ಮಾತ್ರ ತಮ್ಮ ನಿಯಮದಂತೆ ಗುಟ್ಟು. ನೋಡಲು ಹೋದ ದಿನವೇ ಗೊತ್ತಾಗುವುದು. 'ನಿಮ್ಮ ಈಗಿನ ಮನೆಯಿಂದ ದೂರ' ಎಂಬಲ್ಲಿ ಸೊನ್ನೆ ಕಿಲೋಮೀಟರ್ ಎಂದಿತ್ತು. ಅರ್ಧ ಕಿಲೋಮೀಟರನ್ನು ಯಂತ್ರ ಸೊನ್ನೆಗೆ ಇಳಿಸಿರಬೇಕೆಂದು ನಾನು ಅದನ್ನು ನನ್ನ ಕೋಷ್ಟಕದಲ್ಲಿ ಬರೆದುಕೊಂಡು, ಮಗಳ ಶಾಲೆ ಬದಲಿಸುವ ಗೋಳಿಲ್ಲವಲ್ಲ ಎಂದು ಹಿಗ್ಗಿದೆ.

ಹದಿನಾಲ್ಕು ಕಡತಗಳ ಚರಿತ್ರೆಯಲ್ಲಿ ಮೊದಲ ಬಾರಿಗೆ ನಮ್ಮ ಮನೆಯಲ್ಲಿ ಒಮ್ಮತ ಮೂಡಿ, ನಾಲ್ವರ ಫೋನಿನಲ್ಲೂ ತಾವು ಕೆಂಪಾದಿರಿ. ಕೆಳಗಿನ ಅಭಿಪ್ರಾಯದ ಜಾಗದಲ್ಲಿ ಯಜಮಾನರು "ಅಡುಗೆಮನೇಲಿ ಒಂದು ಶೆಲ್ಫ್ ಹೊಡೆದುಬಿಟ್ರೆ ಅರಮನೆ ಕಣೇ, ಅಳತೆ ನಂಗೆ ಕಣ್ಣಲ್ಲೇ ಗೊತ್ತಾಗ್ತಿದೆ" ಎಂದು ಬರೆದರು. ಅತ್ತೆ ಕನ್ನಡಕದ ಬಟ್ಟೆಯಿಂದ, ನಾನು ಅವರಿಗೆ ಕೊಟ್ಟಿದ್ದ ಹಳೆಯ ಫೋನು ಒರೆಸುವಾಗ ತಮ್ಮನ್ನು ಒತ್ತಿ ಕೆಂಪು ಮಾಡಿ, "ಈ ಕಿಟಕೀನ ನಾನೆಲ್ಲೋ ನೋಡಿದ್ದೀನಿ" ಎಂದರು. ಕಿಟಕಿಗಳೆಲ್ಲ ಒಂದೇ ಥರ ಇರುತ್ತವೆ ಅತ್ತೆ ಎಂದು ನಾನು ಬಾಯಿ ಮುಚ್ಚಿಸಿದೆ. ಮಗಳು ಬರೆದದ್ದು ಒಂದೇ ಸಾಲು: "ಆ ಚಿಕ್ಕ ರೂಮ್ ನಂಗೇ ಕೊಡ್ತೀರಾ? ಬೇರೇನೂ ಕೇಳಲ್ಲ." ಅದನ್ನು ಓದಿ ನಾನು ಶನಿವಾರ ಹನ್ನೊಂದು ಗಂಟೆಗೆ ಮನೆ ನೋಡುವ ಸಮಯ ಗೊತ್ತುಮಾಡಿದೆ. ಯಾವ ಕಡತಕ್ಕೂ ಹಾಕಲಿಲ್ಲ.

ಶುಕ್ರವಾರ ಸಂಜೆ ನಮ್ಮ ಮನೆಯೊಡೆಯರ ಫೋನು ಬಂತು. ನಮ್ಮ ಮನೆ ನೋಡಲು ಶನಿವಾರ ಹನ್ನೊಂದಕ್ಕೇ ಒಂದು ಕುಟುಂಬ ಬರುತ್ತದಂತೆ, ಹನ್ನೊಂದೂವರೆಗೆ ಇನ್ನೊಂದಂತೆ, "ಸ್ವಲ್ಪ ನೀಟಾಗಿ ಇಟ್ಟಿರಿ, ಮಾನ ಕಳೀಬೇಡಿ" ಅಂತೆ. ನಮಗೆ ಅದೇ ಹೊತ್ತಿಗೆ ಬೇರೆ ಕೆಲಸವಿದೆ, ಅತ್ತೆ ಬಾಗಿಲು ತೆಗೆಯುತ್ತಾರೆ ಎಂದೆ. ಬೆಳಿಗ್ಗೆ ಎದ್ದು ನೆಲ ಒರೆಸಿ, ಸೋಫಾದ ಹರಿದ ಕಡೆ ದಿಂಬು ಇಟ್ಟು, ಬರುವವರಿಗೆ ನೀರು ಕೊಡಬೇಕೆಂದು ಅತ್ತೆಗೆ ಹೇಳಿ, ನಾವು ಮೂವರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ತಾವು ಸೂಚಿಸಿದ ಅಂಚೆ ಕಚೇರಿಯ ಮುಂದೆ ಹೋಗಿ ನಿಂತೆವು. ತಮ್ಮ ಕಂಪನಿಯ, ಮನೆ ತೋರಿಸುವ ಹೆಂಗಸು ನಗುನಗುತ್ತಾ ಬಂದು ಕಾರು ಹತ್ತಿಸಿಕೊಂಡರು. ಕಾರು ಎಡಕ್ಕೆ ತಿರುಗಿತು, ಔಷಧಿ ಅಂಗಡಿ ದಾಟಿತು, ಬಲಕ್ಕೆ ತಿರುಗಿತು. ಯಜಮಾನರು ನನ್ನ ಮುಖ ನೋಡಿದರು. ನಾನು ಮಗಳ ಮುಖ ನೋಡಿದೆ. ಕಾರು ನಮ್ಮ ಮನೆಯ ಮುಂದೆ ನಿಂತಿತು.

ಬಾಗಿಲು ತೆರೆದ ಅತ್ತೆ "ಏನ್ ಮರೆತು ಹೋಗಿದ್ರಿ?" ಎಂದರು.

ಆಗಲೇ ಹೇಳಿಬಿಡಬಹುದಿತ್ತು, ಆದರೆ ನಾಚಿಕೆ ಎಂಬುದೊಂದಿದೆಯಲ್ಲ, ಮಾನ್ಯರೇ. ಮುದುಕಿ ನಮ್ಮನ್ನು ಬೇರೆ ಯಾರೋ ಎಂದು ತಿಳಿದಿದ್ದಾರೆ ಎಂದುಕೊಂಡ ಆ ಹೆಂಗಸು ನಮ್ಮನ್ನು ಒಳಗೆ ಕರೆದರು. ನಾವು ಚಪ್ಪಲಿ ಬಿಟ್ಟು, ನೆಂಟರ ಹಾಗೆ ಕೈಕಟ್ಟಿಕೊಂಡು ನಮ್ಮದೇ ಹಾಲ್‌ನಲ್ಲಿ ಅವರ ಹಿಂದೆ ನಡೆದೆವು. "ಫೋಟೋ ಹನ್ನೊಂದು ವರ್ಷ ಹಳೇದು, ಆಗ ಮನೆ ಖಾಲಿ ಇತ್ತು. ಈಗಿರೋರು ಸಾಮಾನು ತುಂಬ್ಕೊಂಡು ಅಂದ ಕೆಡಿಸಿದ್ದಾರೆ, ನೀವು ಅದನ್ನ ಮನಸ್ಸಿಗೆ ಹಚ್ಕೋಬೇಡಿ" ಎಂದು ಸಮಾಧಾನ ಹೇಳಿದರು. ಅತ್ತೆ ಟ್ರೇಯಲ್ಲಿ ನಾಲ್ಕು ಲೋಟ ನೀರು ತಂದರು. ಹೇಳಿದ ಕೆಲಸ ಬಿಡುವವರಲ್ಲ. ಅಡುಗೆಮನೆಯಲ್ಲಿ ಯಜಮಾನರು ತಾವೇ ಹೊಡೆದಿದ್ದ ಶೆಲ್ಫನ್ನು ನೋಡಿ ನೆಲ ನೋಡಿದರು. ಕೊನೆಗೆ ಆಕೆ ಉಗ್ರಾಣದ ಬಾಗಿಲನ್ನು ಭುಜ ಕೊಟ್ಟು ಒಂದು ಗೇಣು ಸರಿಸಿ, ಹಲಗೆಗಳ ಸಂದಿಯಲ್ಲಿ ಕೈತೂರಿಸಿ ತೋರಿಸಿದರು: "ಇದೇ ಓದೋ ರೂಮು. ಹಿಂದೆ ಕಿಟಕಿ ಇದೆ, ಪೂರ್ವಕ್ಕೆ. ಎಂಥ ಜನರೋ ಏನೋ, ಇಂಥ ಬೆಳಕು ಬರೋ ಕಿಟಕಿಗೆ ಹಲಗೆ ಒಟ್ಟಿ ಕೂತಿದ್ದಾರೆ."

ಮಗಳು ಆ ಸಂದಿಯಲ್ಲಿ ಇಣುಕಿ ನೋಡಿದಳು. ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕೆಂದು ಕೇಳಿದ ಮಗುವಿಗೆ ನೂರ ಮೂವತ್ತೇಳು ಮನೆ ತೋರಿಸಿದ ನಾನು, ನಮ್ಮ ಮನೆಯ ಈ ಬಾಗಿಲನ್ನು ಒಮ್ಮೆಯೂ ತೆಗೆದು ನೋಡಿರಲಿಲ್ಲ. ನನಗೆ ನೆಲ ಬಿರಿದು ಒಳಗೆ ಹೋಗಿಬಿಡೋಣ ಅನ್ನಿಸಿತು.

ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ಹನ್ನೊಂದೂವರೆಯವರು ಮುಂಗಡ ಸಮೇತ ಬರುತ್ತಿದ್ದಾರೆಂದು ಆಕೆ ಆಗಲೇ ಎಚ್ಚರಿಸಿದ್ದರು. ನಾಲ್ಕು ತಿಂಗಳಲ್ಲಿ ಒಂದು ತೀರ್ಮಾನಕ್ಕೂ ಬಾರದ ನಾನು, ಕಡತವಿಲ್ಲದೆ, ಕೋಷ್ಟಕವಿಲ್ಲದೆ, ತಮ್ಮ ಸಹಾಯವಿಲ್ಲದೆ ಮನೆಯೊಡೆಯರಿಗೆ ಫೋನು ಹಚ್ಚಿ "ನಾವೇ ಇರ್ತೀವಿ, ಈ ಮನೆ ಬಿಡಲ್ಲ" ಎಂದುಬಿಟ್ಟೆ. ಅವರು "ಇರಿ ತಾಯಿ, ಬೇಡ ಅಂದೋರು ಯಾರು? ಆದ್ರೆ ಬಾಡಿಗೆ ಸ್ವಲ್ಪ ಏರಿಸ್ಬೇಕಾಗುತ್ತೆ. ಈ ವಾರ ನಮ್ಮನೆಗೆ ನಾಲ್ಕು ಹೃದಯ ಬಂದಿದೆ, ಭಾರಿ ಬೇಡಿಕೆ ಇದೆ ಅಂತ ಆ್ಯಪು ಹೇಳ್ತಿದೆ" ಎಂದರು. ಆ ನಾಲ್ಕೂ ಇದೇ ಹಾಲ್‌ನಲ್ಲಿ ನೀರು ಕುಡಿಯುತ್ತಾ ನಿಂತಿವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಗಲಿ ಎಂದೆ. ಹನ್ನೊಂದೂವರೆಗೆ ಬಂದ ಗಂಡಹೆಂಡಿರಿಗೆ ಕ್ಷಮೆ ಕೇಳಿ, ನನ್ನ ಹದಿನಾಲ್ಕು ಕಡತಗಳನ್ನೂ ಅವರ ಫೋನಿಗೆ ಹಂಚಿದೆ. ಅವರು ಭಯಪಟ್ಟಂತೆ ಕಂಡರು.

ಹೀಗಿರುವಾಗ ತಮ್ಮ ಮೇಲೆ ದೂರು ಕೊಡುವುದಾದರೂ ಹೇಗೆ? ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಸಿಗದ ಮನೆಯನ್ನು ತಾವು ಹುಡುಕಿಕೊಟ್ಟಿರಿ. ಅದರ ಬಾಡಿಗೆಯನ್ನೂ ತಾವೇ ಏರಿಸಿಕೊಟ್ಟಿರಿ. ಹಾಗಾಗಿ ದೂರಿನ ಬದಲು ಒಂದೆರಡು ಕೋರಿಕೆ ಮಾತ್ರ. ಯಾರಾದರೂ ಈಗಾಗಲೇ ವಾಸವಿರುವ ಮನೆಗೇ ಮನಸೋತು ತಮ್ಮನ್ನು ಒತ್ತಿದಾಗ, ಕೆಂಪಾಗುವ ಮೊದಲು ಒಮ್ಮೆ ಕೆಮ್ಮುವ ವ್ಯವಸ್ಥೆ ಮಾಡಿಕೊಳ್ಳಬೇಕು. ಮನೆಯ ಜೊತೆ ಗಂಡಂದಿರು ಕೂಡಿಟ್ಟ ಹಲಗೆಗಳಿಗೂ ಒಂದು ಕಡತ ತೆರೆದು, ಅವು ವರ್ಷಕ್ಕೊಮ್ಮೆ ತಾವಾಗಿಯೇ ಬೂದುಬಣ್ಣಕ್ಕೆ ತಿರುಗಿ ಮಾಯವಾಗುವಂತೆ ಮಾಡಬೇಕು. ಆಗದಿದ್ದರೆ, ಹನ್ನೊಂದು ವರ್ಷದ ಹಿಂದೆ ನಾವು ಈ ಮನೆಗೆ ಕಾಲಿಟ್ಟ ದಿನದ ಕಣ್ಣುಗಳನ್ನಾದರೂ ಎಲ್ಲೋ ಒಂದು ಕಡೆ ಉಳಿಸಿಟ್ಟಿದ್ದರೆ ಮರಳಿಸಬೇಕು.

ಉಗ್ರಾಣ ಖಾಲಿ ಮಾಡಲು ಎರಡು ಭಾನುವಾರ ಹಿಡಿಯಿತು. ಯಜಮಾನರು ಒಂದೊಂದು ಹಲಗೆಗೂ ವಿದಾಯ ಹೇಳಿದರು. ಅದರಲ್ಲೇ ಕೆಲವನ್ನು ಆರಿಸಿ, ಹೇಳದೆ ಕೇಳದೆ, ಮಗಳಿಗೊಂದು ಮೇಜು ಮಾಡಿ ಕಿಟಕಿಯ ಕೆಳಗೆ ಇಟ್ಟರು. ಆ ಬೆಳಿಗ್ಗೆ ಫೋಟೋದಲ್ಲಿದ್ದ ಬಿಸಿಲು ಮೇಜಿನ ಮೇಲೆ ಬಿತ್ತು. ಮಗಳು ಬಾಗಿಲು ಹಾಕಿಕೊಂಡಳು. ನಾನು ಹಾಲು ತೆಗೆದುಕೊಂಡು ಹೋದರೆ ಬಾಗಿಲ ಮೇಲೆ ಚೀಟಿ ಅಂಟಿಸಿತ್ತು: 'ನೋಡಲು ಬರುವವರು ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳತಕ್ಕದ್ದು.' ಗೊತ್ತುಮಾಡಿಕೊಂಡು, ಸಂಜೆ ಐದಕ್ಕೆ ಹೋದೆ.

ನೂರ ಮೂವತ್ತಾರು ಮನೆಗಳನ್ನು ಕಳೆದುಕೊಂಡರೂ ಮುನಿಸಿಕೊಳ್ಳದ,
ತಮ್ಮ ವಿಶ್ವಾಸಿ,
ಕೆಳಮಹಡಿಯ ಹಳೆಯ ಬಾಡಿಗೆದಾರಳು ಮತ್ತು ಹೊಸ ಬಾಡಿಗೆದಾರಳು

ವಿ.ಸೂ.: ನಿನ್ನೆ ತಮ್ಮಿಂದ ಸಂತಾಪದ ಸಂದೇಶ ಬಂದಿದೆ. ನಾನು ಮೆಚ್ಚಿದ ಮನೆಯನ್ನು ಬೇರೊಂದು ಕುಟುಂಬ ಪಡೆದುಕೊಂಡಿತಂತೆ, ಬೇಸರಿಸಬಾರದಂತೆ. ಆ ಮನೆಯ ಸೋಫಾದಲ್ಲೇ ಕುಳಿತು ಓದಿ ಕಣ್ಣೊರೆಸಿಕೊಂಡೆ. ಇವತ್ತು ಮೆಟ್ಟಿಲ ಬಳಿ ಮೇಲ್ಮಹಡಿಯ ಅಕ್ಕ ಸಿಕ್ಕಿದ್ದರು. ಅವರೂ ಮೂರು ತಿಂಗಳಿಂದ ತಮ್ಮ ಭಕ್ತರೆಂದು ನನಗೆ ತಿಳಿದಿರಲಿಲ್ಲ. "ಕೊನೆಗೂ ಒಂದು ಚಿನ್ನದಂಥ ಮನೆ ಸಿಕ್ಕಿದೆ ಕಣ್ರೀ, ಭಾನುವಾರ ನೋಡೋಕೆ ಹೋಗ್ತಿದ್ದೀವಿ" ಎಂದರು. ಇಲ್ಲಿಂದ ಎಷ್ಟು ದೂರ ಎಂದಷ್ಟೇ ಕೇಳಿದೆ. "ಅದೇ ಅರ್ಥವಾಗ್ತಿಲ್ಲ ನೋಡಿ, ಸೊನ್ನೆ ಅಂತ ತೋರಿಸ್ತಿದೆ" ಎಂದರು.